ಹಳೆ ಕಾರಿನ ಒಳಗಿನ ಲೈಟಿಗೆ ಕಾಣದ ಸ್ವಿಚ್: ಯಾವುದು ಹಾಕಬೇಕು, ಯಾವುದು ಬೇಡ

ಒಂದು ರಜಾ ದಿನ ಪೂರ್ತಿ ಹಳೆ ಕಾರಿನ ಬಾಗಿಲು ತೆರೆದಿಟ್ಟು ಕೆಲಸ ಮಾಡಿದ್ದೆ. ಕಾರ್ಪೆಟ್ ಕಿತ್ತು, ಸೀಟಿನ ಹಳಿಗಳ ತುಕ್ಕು ಉಜ್ಜಿ, ಗ್ರೀಸ್ ಹಚ್ಚಿ, ಎಲ್ಲ ವಾಪಸ್ ಜೋಡಿಸಿ ಸಂಜೆ ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು. ಸೆಲ್ಫ್ ಹೊಡೆಯಲೇ ಇಲ್ಲ. ತಲೆ ಎತ್ತಿ ನೋಡಿದರೆ ಚಾವಣಿಯ ಲೈಟು ಆರುತ್ತಿರುವ ಕೆಂಡದ ಹಾಗೆ ಕೆಂಪಗೆ ಮಿಣುಕುತ್ತಿತ್ತು. ಹಗಲು ಬೆಳಕಿನಲ್ಲಿ ಅದು ಉರಿಯುತ್ತಿದ್ದದ್ದೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಚಾವಣಿಯಲ್ಲಿ 10 ವ್ಯಾಟ್‌ನ ಒಂದು ಬಲ್ಬು, ಕಾಲಿನ ಬಳಿ 5 ವ್ಯಾಟ್‌ನ ಎರಡು. ಒಟ್ಟು 20 ವ್ಯಾಟ್. 12 ವೋಲ್ಟ್ ಕಾರಿನಲ್ಲಿ ಅದು ಸುಮಾರು 1.7 ಆಂಪಿಯರ್. ಎಂಟು ಗಂಟೆಗೆ 13 ಆಂಪಿಯರ್-ಅವರ್ ದಾಟುತ್ತದೆ. ಹೊಸ 45 ಆಂಪಿಯರ್-ಅವರ್ ಬ್ಯಾಟರಿ ಇದನ್ನು ತಡೆದುಕೊಳ್ಳುತ್ತದೆ. ತಿಂಗಳಿಗೆ ಎರಡು ಸಲ ಓಡುವ ಕಾರಿನಲ್ಲಿ ಅರ್ಧ ಚಾರ್ಜಿನಲ್ಲೇ ಕೂತಿರುವ ಹಳೆ ಬ್ಯಾಟರಿ ತಡೆಯುವುದಿಲ್ಲ. ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ಇಳಿದು ಹಾಗೇ ದಿನಗಟ್ಟಲೆ ಉಳಿದರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ತಾಕತ್ತು ಬರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ತಾನೇ ಕೀ ಕೊಟ್ಟುಕೊಳ್ಳುವ ಹಳೆ ಗಡಿಯಾರವಿದ್ದರೆ ಇನ್ನೊಂದು ತೊಂದರೆ. ವೋಲ್ಟೇಜ್ ಇಳಿದಾಗ ಅದರ ಪಾಯಿಂಟುಗಳು, ಅಂದರೆ ಕರೆಂಟ್ ಮುಚ್ಚಿ ತೆಗೆಯುವ ತುದಿಗಳು, ಬಿಡಿಸಿಕೊಳ್ಳಲಾಗದೆ ಅಂಟಿ ಕೂತು, ಒಳಗಿನ ಕಾಯಿಲ್ ಸುಟ್ಟುಹೋಗಬಹುದು. ಒಂದು ಸಣ್ಣ ಬಲ್ಬಿನಿಂದ ಇಷ್ಟೆಲ್ಲ.

ಅದಕ್ಕೇ ಈ ಲೈಟುಗಳನ್ನು ಬೇಕಾದಾಗ ಆರಿಸಲು ಒಂದು ಸ್ವಿಚ್ ಬೇಕು ಅನಿಸುತ್ತದೆ. ಆದರೆ 1960ರ ದಶಕದ ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಇವತ್ತಿನ ಪ್ಲಾಸ್ಟಿಕ್ ಸ್ವಿಚ್ ಕೂರಿಸಲು ಯಾರಿಗೆ ಮನಸ್ಸು ಬರುತ್ತದೆ? ಅದು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಈ ಎರಡು ಮಾತು ಇಟ್ಟುಕೊಂಡೇ ಒಂದೊಂದು ದಾರಿಯನ್ನೂ ತೂಗಿ ನೋಡೋಣ.

ಮೊದಲು ಇರುವ ಲೈಟನ್ನೇ ಸರಿಯಾಗಿ ನೋಡಿ

ಎಷ್ಟೋ ಹಳೆ ಕಾರುಗಳ ಚಾವಣಿ ಲೈಟಿನಲ್ಲೇ ಮೂರು ಸ್ಥಾನದ ಸ್ವಿಚ್ ಇರುತ್ತದೆ. ಒಂದು ಸ್ಥಾನದಲ್ಲಿ ಯಾವಾಗಲೂ ಉರಿಯುತ್ತದೆ, ಇನ್ನೊಂದರಲ್ಲಿ ಪೂರ್ತಿ ಆರುತ್ತದೆ, ಮೂರನೆಯದರಲ್ಲಿ ಬಾಗಿಲು ತೆಗೆದಾಗ ಮಾತ್ರ ಉರಿಯುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ. ವರ್ಷಗಳಿಂದ ಯಾರೂ ಮುಟ್ಟದ ಕಾರಣ ಅದು ಕಿಲುಬು ಹಿಡಿದು ಕೆಲಸ ನಿಲ್ಲಿಸಿರುತ್ತದೆ, ಅಷ್ಟೆ. ಲೈಟನ್ನು ಬಿಚ್ಚಿ, ಹಿತ್ತಾಳೆಯ ಪಟ್ಟಿಗಳನ್ನು ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನೋಡಿ. ಇಷ್ಟರಲ್ಲೇ ಕೆಲಸ ಮುಗಿದರೆ ಇದಕ್ಕಿಂತ ಒಳ್ಳೆಯ ಗುಪ್ತ ಸ್ವಿಚ್ ಬೇರೆ ಇಲ್ಲ. ಕಂಪನಿಯೇ ಹಾಕಿ ಕಳಿಸಿದ್ದು ಅಲ್ವಾ!

ಇದು ಸಾಲದ ಕಾರುಗಳೂ ಇವೆ. ಲೈಟಿನಲ್ಲಿ ಆರಿಸುವ ಸ್ಥಾನವೇ ಇರದಿರಬಹುದು. ಚಾವಣಿಯದು ಆರಿದರೂ ಕಾಲಿನ ಬಳಿಯವು ಬಾಗಿಲಿನ ಜೊತೆ ಉರಿಯುತ್ತಲೇ ಇರಬಹುದು. ಅಂಥವರು ಮುಂದೆ ಓದಿ.

ಸ್ವಿಚ್ ಕೊಳ್ಳುವ ಮೊದಲು ಒಂದು ಪರೀಕ್ಷೆ

ಬಾಗಿಲ ಚೌಕಟ್ಟಿನಲ್ಲಿ ಒಳಗೆ ಹೊರಗೆ ಆಡುವ ಪುಟ್ಟ ಪಿನ್ ಇರುತ್ತದಲ್ಲ, ಅದೇ ಡೋರ್ ಸ್ವಿಚ್. ಜಾಸ್ತಿ ಕಾರುಗಳಲ್ಲಿ ಬಲ್ಬಿಗೆ ಬ್ಯಾಟರಿಯ ಕರೆಂಟು ಫ್ಯೂಸಿನ ಮೂಲಕ ಸದಾ ಬಂದು ನಿಂತಿರುತ್ತದೆ. ಬಾಗಿಲು ತೆಗೆದಾಗ ಪಿನ್ ಹೊರಗೆ ಬಂದು, ಬಲ್ಬಿನ ಇನ್ನೊಂದು ತುದಿಯನ್ನು ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ಸೇರಿಸುತ್ತದೆ. ಅಂದರೆ ಸ್ವಿಚ್ ಇರುವುದು ಅರ್ಥಿಂಗ್ ಬದಿಯಲ್ಲಿ. ಹಳೆಯ ಅಮೆರಿಕನ್ ಫೋರ್ಡ್‌ಗಳಲ್ಲಿ ಇದು ಉಲ್ಟಾ ಇರುವುದುಂಟು. 1960ರ ದಶಕದ ಮಸ್ಟಾಂಗ್‌ನಲ್ಲಿ ಬಲ್ಬು ಬಾಡಿಗೆ ಸೇರಿಯೇ ಇರುತ್ತದೆ, ಡೋರ್ ಸ್ವಿಚ್ ಕರೆಂಟ್ ಕೊಡುವ ವೈರನ್ನೇ ಮುಚ್ಚಿ ತೆಗೆಯುತ್ತದೆ. ಇದು ತಿಳಿಯದೆ ಕೆಲಸಕ್ಕೆ ಇಳಿದರೆ ಫ್ಯೂಸ್ ಹಾರುತ್ತದೆ.

ಕಂಡುಹಿಡಿಯುವುದು ಹೀಗೆ. ಡೋರ್ ಸ್ವಿಚ್ಚಿನ ಸ್ಕ್ರೂ ಬಿಚ್ಚಿ ಮೆಲ್ಲಗೆ ಹೊರಗೆ ಎಳೆಯಿರಿ. ವೈರಿಗೆ ತಕ್ಷಣ ಒಂದು ಬಟ್ಟೆ ಕ್ಲಿಪ್ ಹಾಕಿ. ಇಲ್ಲದಿದ್ದರೆ ಅದು ಚೌಕಟ್ಟಿನ ಒಳಗೆ ಜಾರಿಹೋಗುತ್ತದೆ, ಮತ್ತೆ ಹಿಡಿದು ತೆಗೆಯುವುದು ದೇವರಿಗೇ ಪ್ರೀತಿ. ಸ್ವಿಚ್ಚಿಗೆ ಒಂದೇ ವೈರ್ ಇದ್ದರೆ ಸಾಮಾನ್ಯವಾಗಿ ಅರ್ಥಿಂಗ್ ಬದಿ. ಎರಡಿದ್ದರೆ ಕರೆಂಟ್ ಬದಿ ಇರಬಹುದು ಅಂತ ಅನುಮಾನಿಸಿ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ವೈರಿಗೂ ಇನ್ನೊಂದನ್ನು ಪೇಂಟ್ ಇಲ್ಲದ ಲೋಹಕ್ಕೂ ಇಟ್ಟರೆ ಎರಡೂ ಬಗೆಯಲ್ಲಿ 12 ವೋಲ್ಟ್ ತೋರಿಸುತ್ತದೆ. ಹೆಚ್ಚಿನವರು ಏಮಾರುವುದು ಇಲ್ಲೇ. ಈಗ ಒಳಗಿನ ಬಲ್ಬುಗಳನ್ನೆಲ್ಲ ತೆಗೆದು ಮತ್ತೆ ಅಳೆಯಿರಿ. ವೋಲ್ಟೇಜ್ ಮಾಯವಾದರೆ ಅದು ಬಲ್ಬಿನ ಮೂಲಕ ಬರುತ್ತಿತ್ತು ಅಂತ ಅರ್ಥ, ಹಾಗಾಗಿ ಅರ್ಥಿಂಗ್ ಬದಿ. ಒಂದು ವೈರಿನಲ್ಲಿ ಹಾಗೇ ಉಳಿದರೆ ಕರೆಂಟ್ ಬದಿ. ವೈರನ್ನು ಬಾಡಿಗೆ ತಾಗಿಸಿ ನೋಡುವ ಹಳೆ ಮೆಕ್ಯಾನಿಕ್ ವಿದ್ಯೆ ಇಲ್ಲಿ ಬೇಡ.

ಇನ್ನೊಂದು ವಿಷಯ. ಹಳೆ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ಉದಾಹರಣೆಗೆ ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು ನೆಗೆಟಿವ್ ಅರ್ಥಿಂಗ್‌ಗೆ ಬದಲಾದದ್ದು 1967ರ ಕೊನೆಯಲ್ಲಿ ಬಂದ ಮಾರ್ಕ್ 2ರಿಂದ. ಮಾಮೂಲಿ ಸ್ವಿಚ್ಚಿಗೆ ಇದರಿಂದ ಏನೂ ಆಗುವುದಿಲ್ಲ. ಎಲ್ಇಡಿ, ಟೈಮರ್‌ಗಳಿಗೆ ಆಗುತ್ತದೆ.

ವೈರ್ ಮುಟ್ಟದ ದಾರಿಗಳು

ಫ್ಯೂಸ್ ಕಿತ್ತಿಡುವುದು ಎಲ್ಲಕ್ಕಿಂತ ಸುಲಭ. ಆದರೆ ಆ ಫ್ಯೂಸಿನ ಮೇಲೆ ಲೈಟು ಒಂದೇ ಇರುವುದಿಲ್ಲ. ಹಲವು ಬ್ರಿಟಿಷ್ ಕಾರುಗಳಲ್ಲಿ ಹಾರ್ನೂ ಅದೇ ಸಾಲಿನಲ್ಲಿರುತ್ತದೆ. ಲೈಟು ಆರಿಸಿದ್ದು ಮರೆತು ರಸ್ತೆಗಿಳಿದರೆ ಹಾರ್ನ್ ಒತ್ತಿದಾಗ ನಿಶ್ಶಬ್ದ. ಅಲ್ಲದೆ ಗಾಜಿನ ಫ್ಯೂಸನ್ನು ಪದೇ ಪದೇ ಕಿತ್ತು ಹಾಕಿದರೆ ಅದನ್ನು ಹಿಡಿಯುವ ಕ್ಲಿಪ್ ಸಡಿಲವಾಗುತ್ತದೆ. ವರ್ಷಕ್ಕೊಂದು ಸಲ ಪರವಾಗಿಲ್ಲ, ವಾರಕ್ಕೊಂದು ಸಲಕ್ಕೆ ಅಲ್ಲ.

ಡೋರ್ ಪಿನ್ನನ್ನು ಒತ್ತಿ ಹಿಡಿಯುವ ಕ್ಲಿಪ್ ನನಗೆ ಇಷ್ಟ. ರಬ್ಬರ್ ತುಂಡು, ಪ್ಲಾಸ್ಟಿಕ್ ಹಿಡಿಕೆ, ಏನಾದರೂ ಸರಿ. ನೀವೇ ಕಾರಿನ ಪಕ್ಕ ನಿಂತು ಕೆಲಸ ಮಾಡುವಾಗ ಇದು ಸಾಕು. ಒಂದೇ ಎಚ್ಚರ: ಲೋಹದ ಕ್ಲಿಪ್ ಬೇಡ. ಮರೆತು ಬಾಗಿಲು ಹಾಕಿದರೆ ಪೇಂಟ್ ಕೀಳುತ್ತದೆ. ಕ್ಲಿಪ್ಪಿಗೆ ಉದ್ದನೆಯ ಕೆಂಪು ದಾರ ಕಟ್ಟಿ ಹೊರಗೆ ಇಳಿಬಿಡಿ.

ಬ್ಯಾಟರಿಯ ತುದಿಗೇ ಕೂರಿಸುವ ಕಟ್-ಆಫ್ ಸ್ವಿಚ್ ಬೇರೆಯದೇ ಕೆಲಸದ್ದು. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಅದು ಇರಲೇಬೇಕು ಅನ್ನುವವನು ನಾನು. ಬರೀ ಒಳಗಿನ ಲೈಟಿಗೋಸ್ಕರ ಅಂದರೆ ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಗಡಿಯಾರ ನಿಲ್ಲುತ್ತದೆ, ರೇಡಿಯೋ ಹಾಡುವುದಿಲ್ಲ, ಕೆಲಸದ ನಡುವೆ ಏನನ್ನೂ ಪರೀಕ್ಷಿಸಲಾಗದು. ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಇರುವ ಕಾರಿನಲ್ಲಿ ಎಂಜಿನ್ ಓಡುತ್ತಿರುವಾಗ ಈ ಸ್ವಿಚ್ ತಿರುಗಿಸಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಆಲ್ಟರ್ನೇಟರಿನ ಡಯೋಡುಗಳು ಹೋಗಬಹುದು.

ಅರ್ಥಿಂಗ್ ಬದಿಯ ಸ್ವಿಚ್ಚೋ, ಕರೆಂಟ್ ಬದಿಯದೋ

ನಿಜವಾದ ಆಯ್ಕೆ ಇರುವುದು ಇಲ್ಲಿ.

ಡೋರ್ ಸ್ವಿಚ್ಚುಗಳಿಂದ ಬರುವ ವೈರುಗಳು ಡ್ಯಾಶ್‌ಬೋರ್ಡಿನ ಹಿಂದೆಯೋ ಚಾವಣಿಗೆ ಹತ್ತುವ ಮೊದಲೋ ಒಂದು ಕಡೆ ಸೇರಿ, ಅಲ್ಲಿಂದ ಲೈಟಿಗೆ ಹೋಗುತ್ತವೆ. ಲ್ಯೂಕಾಸ್ ಕಂಪನಿಯ ವೈರಿಂಗ್ ಇರುವ ಬ್ರಿಟಿಷ್ ಕಾರಿನಲ್ಲಿ ಇದು ನೇರಳೆ ಮೇಲೆ ಬಿಳಿ ಗೆರೆಯ ವೈರು. ಬರೀ ನೇರಳೆ ಅಂದರೆ ಫ್ಯೂಸ್ ದಾಟಿ ಸದಾ ಕರೆಂಟ್ ಇರುವ ವೈರು. ಆ ಗೆರೆ ವೈರಿನ ನಡುವೆ, ಸೇರುವ ಜಾಗದಿಂದ ಆಚೆಗೆ, ಒಂದು ಸ್ವಿಚ್ ಹಾಕಿದರೆ ಅದೇ ಅರ್ಥಿಂಗ್ ಬದಿಯ ಕಟ್-ಆಫ್. ಬಾಗಿಲು ಎಷ್ಟು ಹೊತ್ತು ತೆರೆದಿದ್ದರೂ ಲೈಟು ಉರಿಯುವುದಿಲ್ಲ.

ಇದರಲ್ಲಿ ನನಗೆ ಹಿಡಿಸುವ ಗುಣ ಎರಡು. ಮೊದಲನೆಯದು, ಚಾವಣಿ ಲೈಟಿನ ಸ್ವಂತ ಸ್ವಿಚ್ ಸಾಮಾನ್ಯವಾಗಿ ತನ್ನದೇ ಅರ್ಥಿಂಗ್ ಇಟ್ಟುಕೊಂಡಿರುತ್ತದೆ. ಹಾಗಾಗಿ ಕಟ್-ಆಫ್ ಆಗಿದ್ದರೂ ಬೇಕಾದಾಗ ಕೈಯಿಂದ ಲೈಟು ಹಾಕಿಕೊಳ್ಳಬಹುದು. ಸೀಟಿನ ಕೆಳಗೆ ಬಿದ್ದ ನಟ್ಟು ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ. ಎರಡನೆಯದು, ಹೊಸ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಆಗುವುದು ಇಷ್ಟೇ: ಲೈಟು ಹತ್ತಿಕೊಳ್ಳುತ್ತದೆ. ಬೆಂಕಿ ಇಲ್ಲ, ಹೊಗೆ ಇಲ್ಲ. ಅರ್ಧ ಶತಮಾನ ಹಳೆಯ ವೈರಿಂಗಿಗೆ ಕೈಹಾಕುವಾಗ ಇಂಥ ತಪ್ಪು ಕ್ಷಮಿಸುವ ಜಾಗ ಸಿಕ್ಕರೆ ಬಿಡಬಾರದು.

ಕೊರತೆಯೂ ಉಂಟು. ಕೆಲವು ಕಾರುಗಳಲ್ಲಿ ಕಾಲಿನ ಬಳಿಯ ಲೈಟುಗಳು ಆಯಾ ಬಾಗಿಲಿನ ಸ್ವಿಚ್ಚಿಗೇ ನೇರ ಸೇರಿರುತ್ತವೆ. ಆಗ ಒಂದು ವೈರ್ ತಡೆದರೆ ಎಲ್ಲವೂ ಆರುವುದಿಲ್ಲ. ಒಂದೇ ಗುಂಡಿಯಲ್ಲಿ ಎರಡು ಸಾಲು ಮುಚ್ಚಿ ತೆಗೆಯುವ ಡಬಲ್ ಪೋಲ್ ಸ್ವಿಚ್ ಬೇಕಾಗುತ್ತದೆ. ಕೀ ಮರೆತರೆ ಕೂಗುವ ಬಜರ್ ಕೂಡ ಡೋರ್ ಸ್ವಿಚ್ಚಿನ ಮೇಲೆ ನಿಂತಿರಬಹುದು. ನಿಮ್ಮ ಸ್ವಿಚ್ ಲೈಟಿನ ಕವಲಿನಲ್ಲಿ ಬರಲಿ, ಬಜರಿನ ಕವಲು ಬಿಟ್ಟುಬಿಡಿ.

ಕರೆಂಟ್ ಬದಿಯಲ್ಲಿ ಹಾಕಿದರೆ ಲೆಕ್ಕ ಸರಳ. ಲೈಟುಗಳಿಗೆ ಹೋಗುವ ಕರೆಂಟೇ ನಿಂತಿತು, ಎಲ್ಲವೂ ಆರಿತು. ಫೋರ್ಡ್ ಬಗೆಯ ವೈರಿಂಗಿಗೆ ಇದೇ ಸರಿಯಾದ ದಾರಿ. ಡೋರ್ ಸ್ವಿಚ್ಚಿನ ಒಳಗೇ ಬಾಡಿಗೆ ಕರೆಂಟ್ ಸೋರುತ್ತಿದೆ ಅನ್ನುವ ಅನುಮಾನವಿರುವ ಕಾರಿಗೂ ಇದು ಒಳ್ಳೆಯದು. ಆದರೆ ಈ ವೈರು ಬಾಡಿಗೆ ತಾಗಿದರೆ ಲೈಟು ಹತ್ತಿಕೊಂಡು ಸುಮ್ನೆ ಇರುವುದಿಲ್ಲ, ಶಾರ್ಟ್ ಆಗುತ್ತದೆ. ಮೂಲ ಫ್ಯೂಸ್ ಹಳೆ ಬ್ರಿಟಿಷ್ ಕಾರುಗಳಲ್ಲಿ 35 ಆಂಪಿಯರ್‌ನದು. ಅದು ಹಾರುವಷ್ಟರಲ್ಲಿ ನಿಮ್ಮ ತೆಳ್ಳನೆಯ ವೈರು ಕಾದು ಹೊಗೆ ಬಿಡಬಹುದು. ಹಾಗಾಗಿ ಹೊಸ ವೈರು ಶುರುವಾಗುವ ಜಾಗದಲ್ಲೇ 3 ಆಂಪಿಯರ್‌ನ ಸ್ವಂತ ಫ್ಯೂಸ್ ಹಾಕಿ. ಗಡಿಯಾರ ಅದೇ ವೈರಿನಿಂದ ಕರೆಂಟ್ ತೆಗೆದುಕೊಳ್ಳುತ್ತಿದೆಯೇ ಅಂತಲೂ ನೋಡಿ.

ಎರಡೂ ಸಾಧ್ಯವಿದ್ದರೆ ನಾನು ಹಿಂದೆಮುಂದೆ ನೋಡದೆ ಅರ್ಥಿಂಗ್ ಬದಿಯನ್ನೇ ಆರಿಸುತ್ತೇನೆ.

ರಿಲೇ, ಟೈಮರ್, ಅಯಸ್ಕಾಂತ

ಜಾಣತನ ಜಾಸ್ತಿಯಾದಾಗ ಬರುವ ಯೋಚನೆಗಳು ಇವು.

ರಿಲೇ ಅಂದರೆ ತನ್ನ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಇನ್ನೊಂದು ಸಾಲನ್ನು ಮುಚ್ಚಿ ತೆಗೆಯುವ ಸ್ವಿಚ್. ಅದನ್ನು ಹಾಕುವವರು ಬೀಳುವ ಹಳ್ಳ ಒಂದಿದೆ. ಲೈಟು ಮಾಮೂಲಿಯಾಗಿ ಉರಿಯಲಿ, ಸ್ವಿಚ್ ಒತ್ತಿದಾಗ ಆರಲಿ ಅಂತ 30 ಮತ್ತು 87ಎ ತುದಿಗಳ (ಕಾಯಿಲ್‌ಗೆ ಕರೆಂಟ್ ಇಲ್ಲದಾಗ ಸೇರಿರುವ ತುದಿಗಳು) ನಡುವೆ ವೈರ್ ಮಾಡುತ್ತಾರೆ. ಆಗ ಲೈಟು ಆರಿರುವಷ್ಟೂ ಹೊತ್ತು ರಿಲೇಯ ಕಾಯಿಲ್ ಕರೆಂಟ್ ಎಳೆಯುತ್ತಲೇ ಇರುತ್ತದೆ. ಮಾಮೂಲಿ ಕಾರ್ ರಿಲೇ ಸುಮಾರು 0.15 ಆಂಪಿಯರ್ ತಿನ್ನುತ್ತದೆ. ದಿನಕ್ಕೆ 3.6 ಆಂಪಿಯರ್-ಅವರ್. ಬ್ಯಾಟರಿ ಉಳಿಸಲು ಹಾಕಿದ್ದು ಎರಡು ವಾರದೊಳಗೆ ಬ್ಯಾಟರಿಯನ್ನೇ ಖಾಲಿ ಮಾಡುತ್ತದೆ. ಎರಡು ಆಂಪಿಯರ್ ಕೂಡ ಇಲ್ಲದ ಲೈಟಿಗೆ ರಿಲೇ ಬೇಕಾಗಿಯೂ ಇಲ್ಲ. ಮೂಗಿಗಿಂತ ಮೂಗುತಿ ಭಾರ.

ಹತ್ತೋ ಇಪ್ಪತ್ತೋ ನಿಮಿಷದ ನಂತರ ತಾನೇ ಆರಿಸುವ ಟೈಮರ್ ಮರೆಗುಳಿಗಳಿಗೆ ವರ. ಬಾಗಿಲು ಸರಿಯಾಗಿ ಮುಚ್ಚದೆ ರಾತ್ರಿಯಿಡೀ ಲೈಟು ಉರಿಯುವ ತೊಂದರೆಗೆ ಇದೊಂದೇ ನಿಜವಾದ ಮದ್ದು. ಸ್ವಿಚ್ ಆದರೆ ನೀವೇ ನೆನಪಿಟ್ಟು ಒತ್ತಬೇಕಲ್ಲ! ಕೊಳ್ಳುವಾಗ ಅದು ಸುಮ್ಮನಿರುವಾಗ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಕೇಳಿ. ಕೆಲವೇ ಮಿಲಿಆಂಪಿಯರ್ ಆದರೆ ತೊಂದರೆಯಿಲ್ಲ. 6 ವೋಲ್ಟ್ ಕಾರಿಗೂ ಪಾಸಿಟಿವ್ ಅರ್ಥಿಂಗ್ ಕಾರಿಗೂ ಹೊಂದುವಂಥದ್ದು ಹುಡುಕಿದರೂ ಸಿಗುವುದು ಕಷ್ಟ.

ಡ್ಯಾಶ್‌ಬೋರ್ಡಿನ ಮರದ ಹಿಂದೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ ಕೆಲಸ ಮಾಡುವ ಪುಟ್ಟ ಸ್ವಿಚ್) ಅಂಟಿಸಿ, ಮುಂದಿನಿಂದ ಅಯಸ್ಕಾಂತ ಹಿಡಿದು ಲೈಟು ಆರಿಸುವುದು ನೋಡಲು ಮಾಯಾಜಾಲದ ಹಾಗಿರುತ್ತದೆ. ನಾನೂ ಮಾಡಿ ನೋಡಿದ್ದೇನೆ. ಮೂರನೇ ದಿನ ಅಂಟಿಕೊಂಡು ಕೂತಿತು. ಸಣ್ಣ ರೀಡ್ ಸ್ವಿಚ್‌ಗಳು ಸಾಮಾನ್ಯವಾಗಿ ಅರ್ಧ ಆಂಪಿಯರ್ ತಾಳುತ್ತವೆ. ತಣ್ಣಗಿರುವ ತಂತಿ ಬಲ್ಬು ಹತ್ತುವ ಕ್ಷಣದಲ್ಲಿ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಆ ಹೊಡೆತಕ್ಕೆ ಒಳಗಿನ ತೆಳ್ಳನೆಯ ಪಟ್ಟಿಗಳು ಬೆಸೆದುಕೊಳ್ಳುತ್ತವೆ. ಎಲ್ಇಡಿ ಇದ್ದರೆ ಮಾತ್ರ ಈ ಆಟ.

ಸ್ವಿಚ್ಚೇ ಬೇಡ, ಎಲ್ಇಡಿ ಸಾಕೇ?

ಎಷ್ಟೋ ಜನರಿಗೆ ಸಾಕು. 10 ವ್ಯಾಟ್‌ನ ಉದ್ದ ಬಲ್ಬಿನ ಜಾಗದಲ್ಲಿ 1 ವ್ಯಾಟ್‌ನ ಎಲ್ಇಡಿ ಹಾಕಿದರೆ ಎಂಟು ಗಂಟೆಗೆ 1 ಆಂಪಿಯರ್-ಅವರ್ ಕೂಡ ಖರ್ಚಾಗುವುದಿಲ್ಲ. ಲೈಟಿನ ಹಳೆ ಪ್ಲಾಸ್ಟಿಕ್ ಮುಚ್ಚಳ ಶಾಖಕ್ಕೆ ಕಂದುವುದೂ ನಿಲ್ಲುತ್ತದೆ. ಕೊಳ್ಳುವ ಮುನ್ನ ಬಲ್ಬಿನ ಉದ್ದ ಅಳೆಯಿರಿ. 31, 36, 41 ಮಿಲಿಮೀಟರ್ ಹೀಗೆ ಬೇರೆ ಬೇರೆ ಬರುತ್ತವೆ. ಬಣ್ಣ 3000 ಕೆಲ್ವಿನ್‌ಗಿಂತ ಮೇಲೆ ಹೋಗದಿರಲಿ. ಹಳೆ ಚರ್ಮದ ಸೀಟಿನ ಮೇಲೆ ನೀಲಿಬಿಳಿ ಬೆಳಕು ಬಿದ್ದರೆ ಆಪರೇಷನ್ ಥಿಯೇಟರ್ ನೆನಪಾಗುತ್ತದೆ.

ಒಂದು ಕಾಟ ಹೇಳಲೇಬೇಕು. ಡೋರ್ ಸ್ವಿಚ್ಚಿನಲ್ಲಿ ತೇವ, ಕೊಳೆ ಕೂತು ಚೂರು ಕರೆಂಟ್ ಸೋರುತ್ತಿದ್ದರೆ ತಂತಿ ಬಲ್ಬು ಅದನ್ನು ತೋರಿಸುವುದಿಲ್ಲ. ಎಲ್ಇಡಿ ಬಾಗಿಲು ಮುಚ್ಚಿದ್ದರೂ ಮಂದವಾಗಿ ಉರಿಯುತ್ತದೆ. ಎಲ್ಇಡಿ ಕೆಟ್ಟಿದೆ ಅಂತ ಬೈಯಬೇಡಿ, ಡೋರ್ ಸ್ವಿಚ್ ಒರೆಸಿ.

ಬಾಗಿಲು ತೆರೆದು ಕಾರನ್ನು ಪ್ರದರ್ಶನಕ್ಕೆ ನಿಲ್ಲಿಸುವವರಿಗೆ, ರಾತ್ರಿ ಲೈಟಿಗೆ ಹುಳ ಮುತ್ತುವುದು ಬೇಡ ಅನ್ನುವವರಿಗೆ ಎಲ್ಇಡಿ ಇದ್ದರೂ ಸ್ವಿಚ್ ಬೇಕೇ ಬೇಕು.

ಯಾವ ಸ್ವಿಚ್, ಎಲ್ಲಿ ಬಚ್ಚಿಡುವುದು

ಸಣ್ಣ ಟಾಗಲ್ ಸ್ವಿಚ್ ಅಗ್ಗ, ಗಟ್ಟಿ. ಕಡ್ಡಿ ಯಾವ ಕಡೆ ಇದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ಆದರೆ ಮೊಣಕಾಲು ತಾಗಿ ತಾನೇ ಬದಲಾಗುವ ಚಟ ಅದಕ್ಕೆ. ಒತ್ತಿದರೆ ಹತ್ತಿ ಮತ್ತೆ ಒತ್ತಿದರೆ ಆರುವ ಗುಂಡಿ ಚೆನ್ನಾಗಿ ಅಡಗುತ್ತದೆ, ಆದರೆ ಈಗ ಯಾವ ಸ್ಥಿತಿಯಲ್ಲಿದೆ ಅಂತ ಮುಟ್ಟಿದರೆ ತಿಳಿಯುವುದಿಲ್ಲ. ನನ್ನ ಮೆಚ್ಚಿನದು ಎಳೆಯುವ ಸ್ವಿಚ್. ಹಳೆ ಕಾಲದ್ದೇ ಮಾದರಿ, ಯಾರಾದರೂ ಕಂಡರೂ ಕಾರಿನದೇ ಅನ್ನುತ್ತಾರೆ. ಹೊರಗೆ ಬಂದಿದ್ದರೆ ಒಂದು ಸ್ಥಿತಿ, ಒಳಗಿದ್ದರೆ ಇನ್ನೊಂದು. ಸ್ವಿಚ್ಚಿನ ಮೇಲೆ ಬರೆದ ಅಂಕಿಯಲ್ಲಿ 250 ವೋಲ್ಟ್ ಎಸಿ ಅಂತಿದ್ದರೆ ಅದನ್ನೇ 12 ವೋಲ್ಟ್ ಡಿಸಿಗೆ ನಂಬಬೇಡಿ. ಡಿಸಿಯಲ್ಲಿ ಕಿಡಿ ಬೇಗ ಆರುವುದಿಲ್ಲ. ಡಿಸಿ ಅಂಕಿ ಬೇರೆ ಬರೆದಿರುವಂಥದ್ದನ್ನೇ ತೆಗೆದುಕೊಳ್ಳಿ. 6 ವೋಲ್ಟ್ ಕಾರಿನಲ್ಲಿ ಅಷ್ಟೇ ವ್ಯಾಟ್‌ಗೆ ಕರೆಂಟ್ ಎರಡರಷ್ಟು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜಾಗದ ವಿಷಯಕ್ಕೆ ಬಂದರೆ, ಡ್ರೈವರ್ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ. ಕೈ ಎಲ್ಲೆಲ್ಲಿ ಸಲೀಸಾಗಿ ಹೋಗುತ್ತದೆ ನೋಡಿ. ಡ್ಯಾಶ್‌ಬೋರ್ಡಿನ ಕೆಳ ಅಂಚಿನ ಹಿಂದೆ, ಗ್ಲೋವ್ ಬಾಕ್ಸಿನ ಒಳ ಮೇಲ್ಭಾಗ, ಸೀಟಿನ ಮುಂದಿನ ಅಂಚಿನ ಕೆಳಗೆ, ಯಾರೂ ಬಳಸದ ಆಶ್‌ಟ್ರೇಯ ಒಳಗೆ. ಈ ನಾಲ್ಕರಲ್ಲಿ ನಾನು ಆಶ್‌ಟ್ರೇಗೆ ಮತ ಹಾಕುತ್ತೇನೆ. ಮುಚ್ಚಿದರೆ ಯಾರಿಗೂ ಕಾಣದು, ತೆಗೆದರೆ ಬೆರಳಿಗೆ ಸಿಗುತ್ತದೆ. ಆದರೆ ಅದು ಹೊರಗೆ ಜಾರುವ ಮಾದರಿಯಾದರೆ ಸ್ವಿಚ್ಚನ್ನು ಹಿಂದಿನ ಚೌಕಟ್ಟಿಗೆ ಕೂರಿಸಿ, ವೈರು ಎಳೆದಾಡುವಂತೆ ಆಗಬಾರದು. ಕಾರ್ಪೆಟ್ಟಿನ ಕೆಳಗೆ ಬೇಡ, ತೇವ. ಪೆಡಲ್, ಸ್ಟೀರಿಂಗ್ ಕಾಲಮ್ಮಿನ ಹತ್ತಿರ ಅಂತೂ ಬೇಡವೇ ಬೇಡ.

ತೂತು ಕೊರೆಯಬೇಡಿ. ಎಲ್ ಆಕಾರದ ಸಣ್ಣ ತಗಡಿಗೆ ಸ್ವಿಚ್ ಕೂರಿಸಿ, ಕಾರಿನಲ್ಲಿ ಆಗಲೇ ಇರುವ ಯಾವುದಾದರೂ ಸ್ಕ್ರೂ ಕೆಳಗೆ ಸಿಕ್ಕಿಸಿ. ಮೂಲ ವೈರನ್ನೂ ಕತ್ತರಿಸಬೇಡಿ. ಹಳೆ ಕಾರಿನ ವೈರಿಂಗ್‌ನಲ್ಲಿ ಎಳೆದರೆ ಬಿಚ್ಚಿ ಬರುವ ಬುಲೆಟ್ (ಗುಂಡು ತುದಿಯ) ಅಥವಾ ಸ್ಪೇಡ್ (ಚಪ್ಪಟೆ ತುದಿಯ) ಜೋಡಣೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಅದನ್ನು ಬಿಡಿಸಿ, ಎರಡು ತುದಿಗೂ ಹೊಂದುವ ಕನೆಕ್ಟರ್ ಹಾಕಿದ ಹೊಸ ವೈರನ್ನು ನಡುವೆ ಸೇರಿಸಿ. ನಾಳೆ ಬೇಡ ಅನಿಸಿದರೆ ಹೊಸದನ್ನು ತೆಗೆದು ಹಳೆಯದನ್ನು ಮತ್ತೆ ಜೋಡಿಸಿದರೆ ಆಯಿತು, ಗುರುತೂ ಉಳಿಯುವುದಿಲ್ಲ. 1 ಚದರ ಮಿಲಿಮೀಟರ್ ವೈರು ಧಾರಾಳವಾಗಿ ಸಾಕು. ತಗಡಿನ ತೂತಿನ ಮೂಲಕ ಹೋಗುವುದಾದರೆ ರಬ್ಬರ್ ಗ್ರೋಮೆಟ್ ಇರಲಿ. ವೈರಿನ ಮೇಲೆ ಒತ್ತಿ ಕೂರಿಸಿ ಕವಲು ತೆಗೆಯುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಹಳೆ ತಾಮ್ರದ ಎಳೆಗಳನ್ನು ಕತ್ತರಿಸುತ್ತವೆ, ಅವನ್ನು ದೂರ ಇಡಿ. ಇದೆಲ್ಲ ಶುರುಮಾಡುವ ಮುನ್ನ ಬ್ಯಾಟರಿಯ ಅರ್ಥಿಂಗ್ ತುದಿ ಬಿಚ್ಚಿರಬೇಕು ಅಂತ ಬೇರೆ ಹೇಳಬೇಕೇ?

ಯಾರಿಗೆ ಯಾವುದು

ವರ್ಷಕ್ಕೆ ನಾಲ್ಕು ಸಲ ಬಾಗಿಲು ತೆರೆದಿಟ್ಟು ಕೆಲಸ ಮಾಡುವವರಿಗೆ ಪಿನ್ ಮೇಲಿನ ಕ್ಲಿಪ್ ಸಾಕು. ಪ್ರದರ್ಶನಕ್ಕೆ ಒಯ್ಯುವವರು, ಪದೇ ಪದೇ ಆರಿಸುವವರು ಅರ್ಥಿಂಗ್ ಬದಿಯ ಎಳೆಯುವ ಸ್ವಿಚ್ ಹಾಕಿ. ಮರೆವು ಜಾಸ್ತಿ ಇರುವವರು ಎಲ್ಇಡಿ ಜೊತೆ ಟೈಮರ್ ನೋಡಿ. ಫೋರ್ಡ್ ಬಗೆಯ ವೈರಿಂಗ್ ಇದ್ದವರಿಗೆ ಫ್ಯೂಸಿನ ಜೊತೆ ಕರೆಂಟ್ ಬದಿ.

ಯಾವುದು ಹಾಕಿದರೂ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: ಸ್ವಿಚ್ ಎಲ್ಲಿದೆ, ಯಾವ ಬಣ್ಣದ ವೈರಿನ ಮೇಲಿದೆ. ನಾನು ಅಂಟಿಸಿರಲಿಲ್ಲ. ಆರು ತಿಂಗಳ ನಂತರ ಒಂದು ರಾತ್ರಿ ಒಳಗಿನ ಲೈಟು ಹತ್ತಲಿಲ್ಲ. ಬಲ್ಬು ಬದಲಾಯಿಸಿದೆ, ಫ್ಯೂಸ್ ಉಜ್ಜಿದೆ, ಎರಡೂ ಡೋರ್ ಸ್ವಿಚ್ ಬಿಚ್ಚಿ ಮೀಟರ್ ಹಿಡಿದು ಒಂದು ಗಂಟೆ ಕೂತೆ. ಕೊನೆಗೆ ಸ್ಕ್ರೂಗಳನ್ನು ಹಾಕಿಡಲು ಅಂತ ಆಶ್‌ಟ್ರೇ ಎಳೆದೆ.